ಹೊಸ್ತಿಲಲ್ಲಿ ನಿಂತ ಹೆಸರು

ಶೀಲಾವತಿ ಟೀಚರಿಗೆ ತನ್ನ ಸರ್ಟಿಫಿಕೇಟಿನ ಮೇಲೆ ಇದ್ದಷ್ಟು ಅಭಿಮಾನ ಬೇರೆ ಯಾವುದರ ಮೇಲೂ ಇರಲಿಲ್ಲ. ಮಂಗಳೂರಿನಲ್ಲಿ ಟೀಚರ್ಸ್ ಟ್ರೈನಿಂಗ್ ಮುಗಿಸಿ ಮೊದಲನೆಯವಳಾಗಿ ಪಾಸಾದದ್ದಕ್ಕೆ ಸಿಕ್ಕಿದ ಆ ಕಾಗದಕ್ಕೆ ಅಪ್ಪ ಕೊರಗಪ್ಪ ಕಟ್ಟು ಹಾಕಿಸಿ, ಸಾಂತಾಕ್ರೂಜಿನ ಮನೆಯಲ್ಲಿ ದೇವರ ಪಟದ ಪಕ್ಕದಲ್ಲೇ ಮೊಳೆ ಹೊಡೆದು ತೂಗುಹಾಕಿದ್ದರು. ಸಂಜೆ ದೀಪ ಹಚ್ಚಿದಾಗ ಅಮ್ಮ ಎರಡಕ್ಕೂ ಸೇರಿಸಿಯೇ ಕೈಮುಗಿಯುತ್ತಿದ್ದರು. ಶೀಲಾವತಿ ಅದನ್ನು ನೋಡಿಯೂ ನೋಡದವಳಂತೆ ಇರುತ್ತಿದ್ದಳು. ಬೇಡ ಎಂದು ಮಾತ್ರ ಒಂದು ದಿನವೂ ಹೇಳಿದವಳಲ್ಲ.

ಬೆಳಗಿನ ಪಾಳಿಯಲ್ಲಿ ಅವಳಿಗೆ ಮುನ್ಸಿಪಾಲಿಟಿಯ ಕನ್ನಡ ಶಾಲೆ. ಮಧ್ಯಾಹ್ನ ಊಟ ಮುಗಿಸಿ ಲೋಕಲ್ ರೈಲು ಹತ್ತಿ, ದಾದರಿನಲ್ಲಿ ಇಳಿದು ಸೇತುವೆ ದಾಟಿ, ಇನ್ನೊಂದು ಲೋಕಲ್ ಹಿಡಿದು ಭಾಂಡುಪಿಗೆ ಹೋಗುತ್ತಿದ್ದಳು. ಅಲ್ಲಿ ಕೂಲಿಕಾರರ ಸಾಲುಮನೆಗಳ ಒಂದು ಚಾಳಿನಲ್ಲಿ, ಭಜನೆಗೆಂದು ಇಟ್ಟ ಖೋಲಿಯಲ್ಲಿ ಎರಡರಿಂದ ನಾಲ್ಕರವರೆಗೆ ಹೆಂಗಸರಿಗೆ ಅಕ್ಷರ ಕಲಿಸುವ ವರ್ಗ. ವಯಸ್ಕರ ಶಿಕ್ಷಣದ ಸಮಿತಿಯೊಂದು ಅದನ್ನು ನಡೆಸುತ್ತಿತ್ತು. ನಾಲ್ಕು ತಿಂಗಳು ಪಾಠ, ಕೊನೆಗೆ ಒಂದು ಪರೀಕ್ಷೆ. ಇದು ೧೯೫೪ರ ಮಾತು. ಕಾರಖಾನೆಗಳು ಒಂದರ ಹಿಂದೊಂದು ತಲೆಯೆತ್ತುತ್ತಿದ್ದ ಭಾಂಡುಪಿಗೆ ವಿಜಾಪುರ, ಬೆಳಗಾವಿ ಕಡೆಯ ಮಂದಿ ಸಂಸಾರ ಸಮೇತ ಬಂದಿಳಿದಿದ್ದರು.

ವರ್ಗಕ್ಕೆ ಬರುತ್ತಿದ್ದವರು ಇಪ್ಪತ್ತೊಂದು ಜನ. ಅವರಲ್ಲಿ ಮುಕ್ಕಾಲು ಪಾಲು ಶೀಲಾವತಿಗಿಂತ ದೊಡ್ಡವರು. ಆದರೂ ತಮ್ಮ ಕಡೆ ಟೀಚರಿಗೆ ಹೇಳುವಂತೆ ಅವಳನ್ನು 'ಅಕ್ಕೋರು' ಎನ್ನುತ್ತಿದ್ದರು. ಎಲ್ಲರಿಗೂ ಹಿರಿಯಳು ಮಲ್ಲವ್ವ. ವಯಸ್ಸು ಐವತ್ತರ ಹತ್ತಿರ, ಕೈತುಂಬ ಹಸಿರು ಬಳೆ, ಬಾಯಿ ಮಾತ್ರ ಬಲು ಜೋರು. ಅವಳು ಅಕ್ಷರಕ್ಕೆ ಗಂಟುಬಿದ್ದದ್ದಕ್ಕೆ ಒಂದು ಕಾರಣವಿತ್ತು. ಇಂಡಿ ತಾಲೂಕಿಗೆ ಮದುವೆಯಾಗಿ ಹೋದ ಮಗಳು ತಿಂಗಳಿಗೊಂದು ಕಾರ್ಡು ಬರೆಯುತ್ತಿದ್ದಳು. ಅದನ್ನು ಕೆಳಗಿನ ಕಿರಾಣಿ ಅಂಗಡಿಯವನು ಗಿರಾಕಿಗಳೆದುರು ಗಂಟಲು ಹರಿದುಕೊಂಡು ಓದುತ್ತಿದ್ದ. ಅತ್ತೆ ಬೈದದ್ದು, ಮುಟ್ಟು ನಿಂತದ್ದು, ಮತ್ತೆ ಆ ಬಸಿರು ಕೈತಪ್ಪಿ ಹೋದದ್ದು ಎಲ್ಲವೂ ಬೇಳೆಯ ಜೊತೆ ಚಾಳಿಗೆಲ್ಲ ಹಂಚಿಹೋಗುತ್ತಿತ್ತು.

"ನನ್ನ ಮಗಳ ಸಂಕಟ ನಾ ಒಬ್ಬಾಕೀನ ಓದಬೇಕ್ರಿ ಅಕ್ಕೋರ," ಎಂದಿದ್ದಳು ಮಲ್ಲವ್ವ, ಹೆಸರು ಹಚ್ಚಿದ ದಿನವೇ. "ಮತ್ತೇನೂ ಬ್ಯಾಡ ನನಗ."

ಶೀಲಾವತಿ ಟ್ರೈನಿಂಗಿನಲ್ಲಿ ಕಲಿತದ್ದನ್ನೆಲ್ಲ ಕೂದಲೆಳೆಯಷ್ಟೂ ತಪ್ಪದೆ ಮಾಡಿದಳು. ಬಣ್ಣದ ಚಿತ್ರ ಬರೆದು ತಂದಳು, ಒಂದೊಂದೇ ಪದ ಬರೆದ ಮಿಂಚುಪಟ್ಟಿ ಕತ್ತರಿಸಿ ತಂದಳು, ದಿನದಿನದ ಪಾಠದ ಟಿಪ್ಪಣಿಯನ್ನು ಕೆಂಪು ಗೆರೆ ಎಳೆದು ಬರೆದಳು. ನಾಲ್ಕಕ್ಕೆ ಸ್ವಲ್ಪ ಮೊದಲೇ ನಳದಲ್ಲಿ ನೀರು ಬರುವ ಸದ್ದು ಕೇಳಿದ ಕೂಡಲೇ ಇಡೀ ವರ್ಗ ಕೊಡ ಹಿಡಿದು ಓಡಿಹೋಗುತ್ತಿತ್ತು ಎನ್ನುವುದೊಂದನ್ನು ಬಿಟ್ಟರೆ ಎಲ್ಲವೂ ಚೆನ್ನಾಗಿಯೇ ಸಾಗಿತ್ತು. ಹೆಂಗಸರು ಓದುತ್ತಿದ್ದರು. ಬರೆಯುತ್ತಲೂ ಇದ್ದರು. ಪರೀಕ್ಷೆಯ ದಿನ ಶೀಲಾವತಿ ಹೊಸ ಸೀರೆ ಉಟ್ಟುಕೊಂಡು ಹೋದಳು.

ಇಪ್ಪತ್ತೊಂದು ಜನರಲ್ಲಿ ಪಾಸಾದವರು ಇಬ್ಬರು.

ಸುದ್ದಿ ತಂದವರು ಸಮಿತಿಯ ಸೂಪರ್‌ವೈಸರ್ ಕಾಂತಪ್ಪ. ಉಡುಪಿ ಕಡೆಯವರು. ಕರಿ ಕೋಟು, ಕಂಕುಳಲ್ಲಿ ಕೊಡೆ. ಅವರಿಗೆ ನಿಯಮವೆಂದರೆ ಪ್ರಾಣ. ಹತ್ತೊಂಬತ್ತು ಕಾಗದಗಳನ್ನು ಮೇಜಿನ ಮೇಲೆ ಹರಡಿದರು.

"ಮೊದಲನೇ ಪ್ರಶ್ನೆ ಎಂತದ್ದು? ನಿಮ್ಮ ಪೂರ್ತಿ ಹೆಸರು ಬರೆಯಿರಿ. ತನ್ನ ಹೆಸರು, ಜೊತೆಗೆ ಗಂಡನದ್ದೋ ಅಪ್ಪನದ್ದೋ ಹೆಸರು. ನೋಡಿ ಟೀಚರೇ, ಒಬ್ಬರಾದರೂ ಬರೆದಿದ್ದಾರಾ? ಬರೀ ಮಲ್ಲವ್ವ, ಬರೀ ರುದ್ರವ್ವ. ಪೂರ್ತಿ ಹೆಸರಿಲ್ಲದ ಕಾಗದ ತಪಾಸಣೆಗೆ ಇಲ್ಲ, ನಾಪಾಸು. ನಾಲ್ಕು ತಿಂಗಳಲ್ಲಿ ಹೆಸರು ಬರೆಯಲಿಕ್ಕೂ ಕಲಿಸಲಿಲ್ಲ ಅಂತಾದರೆ ಈ ವರ್ಗ ಎಂತಕ್ಕೆ?"

ಶೀಲಾವತಿಗೆ ನೆಲ ಬಾಯಿಬಿಟ್ಟರೆ ಸಾಕೆನಿಸಿತು. ಇನ್ನೊಂದು ಅವಧಿ ಕೊಡಿ ಎಂದು ಬೇಡಿಕೊಂಡಳು. ಕಾಂತಪ್ಪನವರು ಕೊಡೆಯನ್ನು ಒಂದು ಕಂಕುಳಿನಿಂದ ಇನ್ನೊಂದಕ್ಕೆ ಬದಲಿಸಿ, ಸ್ವಲ್ಪ ಯೋಚಿಸಿ, "ಇನ್ನು ನಾಲ್ಕೇ ತಿಂಗಳು. ಹದಿನೈದು ಜನ ಪಾಸಾಗದಿದ್ದರೆ ಖೋಲಿಗೆ ಬೀಗ," ಎಂದರು. ಪಾಸಾದ ಇಬ್ಬರೂ ಮದುವೆಯಾಗದ ಹುಡುಗಿಯರು, ಅಪ್ಪನ ಹೆಸರು ಬರೆದವರು ಎಂಬುದು ಕಾಂತಪ್ಪನವರ ಗಮನಕ್ಕೆ ಬರಲಿಲ್ಲ. ಮೊದಲ ರ‍್ಯಾಂಕಿನ ನಮ್ಮ ಟೀಚರಿಗೂ ಹೊಳೆಯಲಿಲ್ಲ.

ಮರುದಿನ ಅವಳು ಹಾಜರಿ ಪುಸ್ತಕ ನೋಡಿ, ಒಬ್ಬೊಬ್ಬರ ಪೂರ್ತಿ ಹೆಸರನ್ನು ಗಂಡನ ಹೆಸರು ಸಮೇತ ಕರಿಹಲಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದಳು. ಬೆತ್ತದ ತುದಿಯನ್ನು ಮೊದಲ ಸಾಲಿಗೆ ಇಟ್ಟು, "ಮಲ್ಲವ್ವ, ಗಟ್ಟಿಯಾಗಿ ಓದಿ," ಎಂದಳು.

ಮಲ್ಲವ್ವ ಸೆರಗು ಬಾಯಿಗೆ ಇಟ್ಟುಕೊಂಡಳು.

"ಓದಿ ಮಾರಾಯ್ರೆ, ನಿಮ್ಮ ಗಂಡನ ಹೆಸರೇ ಅಲ್ವಾ? ನಿನ್ನೆ ಇದಕ್ಕಿಂತ ಉದ್ದದ ಪದ ಓದಿದ್ದೀರಿ."

ಕೊನೆಯ ಸಾಲಿನಲ್ಲಿದ್ದ ಗರ್ಭಿಣಿ ರಾಚವ್ವ ಕರಿಹಲಗೆಗೆ ಬೆನ್ನು ತಿರುಗಿಸಿಯೇ ಕುಳಿತುಬಿಟ್ಟಳು. ಶೀಲಾವತಿಗೆ ರೇಗಿತು. ಹೀಗೆ ಹಟ ಮಾಡಿದರೆ ವರ್ಗ ಮುಚ್ಚಿಹೋಗುತ್ತದೆ, ನಿಮಗೆ ಕಲಿಸಲು ಎರಡು ಲೋಕಲ್ ಬದಲಿಸಿ ಬರುವ ನಾನೇ ಹುಚ್ಚಿ ಎಂದು ಬಾಯಿಗೆ ಬಂದದ್ದನ್ನೆಲ್ಲ ಅಂದಳು. ಮರುದಿನ ಬಂದವರು ಒಂಬತ್ತು ಜನ. ಅದರ ಮರುದಿನ ಐದು.

ಆ ರವಿವಾರ ಮನೆಯಲ್ಲಿ ಊಟದ ತಟ್ಟೆಯ ಮುಂದೆ ಮುಖ ಊದಿಸಿಕೊಂಡು ಕುಳಿತ ಮಗಳನ್ನು ಕೊರಗಪ್ಪ ನೋಡಿದರು. ಮೂವತ್ತು ವರ್ಷದಿಂದ ಫೋರ್ಟಿನ ಹೋಟೆಲೊಂದರಲ್ಲಿ ಅಡಿಗೆ ಭಟ್ಟರಾಗಿದ್ದವರು. ಆಫೀಸಿನ ಗುಮಾಸ್ತರು ಅವರ ಸಾಂಬಾರಿಗಾಗಿ ಸಾಲು ನಿಲ್ಲುತ್ತಿದ್ದರು. ಓದು ಅವರಿಗೆ ಅಷ್ಟಕ್ಕಷ್ಟೆ.

"ಕಲಿಯುವ ಮನಸ್ಸೇ ಇಲ್ಲ ಅಪ್ಪ ಅವರಿಗೆ," ಎಂದಳು ಶೀಲಾವತಿ.

"ಹಾಗಾ? ನಮ್ಮಲ್ಲಿ ಗಿರಾಕಿ ತಟ್ಟೆಯಲ್ಲಿ ಅರ್ಧ ಊಟ ಬಿಟ್ಟು ಎದ್ದು ಹೋದ ಅಂತ ಇಟ್ಟುಕೋ," ಎಂದರು ಕೊರಗಪ್ಪ. "ಅವನ ಹಿಂದೆ ಓಡಿ, ನಿನಗೆ ತಿನ್ನಲಿಕ್ಕೆ ಗೊತ್ತಿಲ್ಲ ಅಂತ ಬೈಯುವುದಿಲ್ಲ ಮಗಾ. ಬಿಟ್ಟದ್ದು ಎಂತ ಅಂತ ನೋಡ್ತೇನೆ. ಆಮೇಲೆ ನಾನೇ ರುಚಿ ನೋಡ್ತೇನೆ."

ಶೀಲಾವತಿ ತಟ್ಟೆ ಎತ್ತಿಕೊಂಡು ಎದ್ದಳು. ಮೊದಲ ರ‍್ಯಾಂಕಿನವಳಿಗೆ ಸಾಂಬಾರಿನವರು ಪಾಠ ಹೇಳುವುದೇ ಎಂದು ಒಳಗೊಳಗೇ ಅನ್ನಿಸಿದ್ದೂ ನಿಜ. ಆದರೆ ಮಾತು ಮನಸ್ಸಿನಿಂದ ಹೋಗಲಿಲ್ಲ. ರಾಚವ್ವನ ಕುಬಸದ ಕಾರ್ಯಕ್ಕೆ ಕರೆ ಬಂದಿತ್ತು. ಸೀಮಂತಕ್ಕೆ ಅವರ ಕಡೆ ಹಾಗೆನ್ನುತ್ತಾರೆ. ಹೋಗುವುದಿಲ್ಲ ಎಂದುಕೊಂಡಿದ್ದವಳು ಬುಧವಾರ ಒಂದು ಮೊಳ ಮಲ್ಲಿಗೆ ಕಟ್ಟಿಸಿಕೊಂಡು ಹೊರಟಳು.

ಚಾಳಿನ ಖೋಲಿ ತುಂಬ ಹೆಂಗಸರು. ಹಸಿರು ಸೀರೆ ಉಟ್ಟು ಬಂದ ರಾಚವ್ವನನ್ನು ಹೊಸ್ತಿಲಲ್ಲೇ ತಡೆದು ನಿಂತವಳು ಮಲ್ಲವ್ವ. ಬಾಗಿಲಿನ ಎರಡೂ ಕಡೆ ಕೈಯಿಟ್ಟು, "ಗಂಡನ ಹೆಸರ ಹೇಳದ ಒಳಗ ಬಿಡೂದಿಲ್ಲ, ಏನ ಮಾಡ್ತಿ ಮಾಡು!" ಎಂದಳು. ಉಳಿದವರೆಲ್ಲ ಹೇಳ, ಹೇಳ ಎಂದು ಕೂಗಿದರು. ರಾಚವ್ವ ತಲೆ ತಗ್ಗಿಸಿ, ನಕ್ಕು, ಒಮ್ಮೆಲೇ ಹೇಳಿದಳು:

"ನಳದ ನೀರ ಹಿತ್ತಾಳಿ ಕೊಡದಾಗ ತಣ್ಣಗ,
ಚನ್ನಬಸಯ್ಯನವರ ನಗಿ ನೋಡಿದ್ರ ನನ್ನ ಜೀವ ತಣ್ಣಗ!"

ಖೋಲಿ ಹೋ ಎಂದಿತು. ಶೀಲಾವತಿಯ ಕೈಯಲ್ಲಿದ್ದ ಮಲ್ಲಿಗೆ ಕೈಯಲ್ಲೇ ಉಳಿಯಿತು. ಕರಿಹಲಗೆಗೆ ಬೆನ್ನು ಹಾಕಿ ಕುಳಿತ ರಾಚವ್ವ ಇವಳೇ, ಅಂದು ನೋಡಲೂ ಒಲ್ಲೆನೆಂದ ಹೆಸರೂ ಅದೇ. ಅಷ್ಟರಲ್ಲಿ ರುದ್ರವ್ವನ ಸರದಿ ಬಂತು:

"ಜ್ವಾಳದ ರೊಟ್ಟಿ ಮ್ಯಾಲ ಎಣ್ಣಿಗಾಯಿ ಬದನಿಕಾಯಿ,
ಸಿದ್ದಲಿಂಗಪ್ಪನವರು ಸಿಟ್ಟಿಗೆದ್ರ ಮುಚ್ಚೂದಿಲ್ಲ ಬಾಯಿ!"

ಕೊನೆಗೆ ಮಲ್ಲವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಳು:

"ಕಾರಖಾನಿ ಭೋಂಗಾ ಊದೂದರಾಗ ಬುತ್ತಿ ಕಟ್ಟೀನಿ,
ಪರಪ್ಪನವರ ಕೈಹಿಡದು ಭಾಂಡುಪಿನ್ಯಾಗ ಬಾಳೇವು ಕಟ್ಟೀನಿ!"

ಊಟವಾದ ಮೇಲೆ ಶೀಲಾವತಿ ಮಲ್ಲವ್ವನನ್ನು ಖೋಲಿಯ ಹೊರಗಿನ ಗ್ಯಾಲರಿಗೆ ಕರೆದುಕೊಂಡು ಹೋಗಿ, "ಇದಕ್ಕೆ ಎಂತ ಹೇಳ್ತಾರೆ?" ಎಂದು ಕೇಳಿದಳು.

"ಒಡಪ ಅಂತೀವ್ರಿ. ಗಂಡನ ಹೆಸರ ಹಂಗ ತೊಗೋಬಾರ್ದಲ್ರೀ, ಆಯುಷ್ಯ ಕಡಿಮಿ ಆಗತೈತಿ. ಒಡಪಿನ್ಯಾಗ ಇಟ್ಟ ಹೇಳಬೇಕು."

"ಪರೀಕ್ಷೆಯಲ್ಲಿ ಬರೆಯದೆ ಬಿಟ್ಟದ್ದು ಅದಕ್ಕಾ? ಬರೆಯಲಿಕ್ಕೆ ಗೊತ್ತಿತ್ತಾ ನಿಮಗೆ?"

"ಪ ಬರಿಯಾಕ ಬರ್ತಿತ್ರಿ, ರ ಬರ್ತಿತ್ತು, ಒತ್ತಕ್ಷರಾನೂ ನೀವ ಕಲಿಸಿದ್ರಿ," ಎಂದಳು ಮಲ್ಲವ್ವ. ಆಮೇಲೆ ದನಿ ತಗ್ಗಿಸಿದಳು. "ಬರೇ ಹೆಸರ ಬರದಿಟ್ರ ಕುಂಕುಮ ಇಲ್ಲದ ಬರೇ ಹಣಿ ಕಂಡಂಗ ಆಗತೈತ್ರಿ ಅಕ್ಕೋರ. ನೀವು ಹಲಗಿ ಮ್ಯಾಲ ನಮ್ಮೆಲ್ಲಾರ ಮನಿಯವ್ರ ಹೆಸರ ಹಂಗ ಬರದ್ರಿ. ಬೆತ್ತ ಹಚ್ಚಿ ತೋರಿಸಿದ್ರಿ. ನಮ್ಮ ಎದಿ ಝಲ್ ಅಂತು."

"ಯಾಕೆ ಹೇಳಲಿಲ್ಲ ನನಗೆ?"

"ನೀವು ಕೇಳಲಿಲ್ರಿ."

ಹಿಂತಿರುಗುವಾಗ ಲೋಕಲಿನಲ್ಲಿ ಕಿಟಕಿಯ ಪಕ್ಕದ ಜಾಗ ಸಿಕ್ಕಿತ್ತು. ಆದರೆ ಶೀಲಾವತಿ ಹೊರಗೆ ನೋಡಲಿಲ್ಲ. ತನ್ನ ಅಮ್ಮ ಅಪ್ಪನನ್ನು ಹೆಸರು ಹಿಡಿದು ಕರೆದದ್ದನ್ನು ತಾನು ಕೇಳಿದ್ದೇನೆಯೇ? ಟ್ರೈನಿಂಗಿನ ದಿನಗಳನ್ನು ಬಿಟ್ಟರೆ ಇಪ್ಪತ್ತನಾಲ್ಕು ವರ್ಷ ಒಂದೇ ಮನೆಯಲ್ಲಿದ್ದವಳು ಕೇಳಿದ್ದು 'ಶೀಲಾನ ಅಪ್ಪ' ಎಂಬುದನ್ನು ಮಾತ್ರ. ರೇಶನ್ ಕಾರ್ಡಿನವನು ಗಂಡನ ಹೆಸರು ಕೇಳಿದಾಗ ಅಮ್ಮ ಪಕ್ಕದ ಮನೆಯವರ ಮುಖ ನೋಡಿದ್ದರು. ಎಲ್ಲ ಕಣ್ಣೆದುರೇ ಇತ್ತು. ಅವಳಿಗೆ ತುಂಬ ನಾಚಿಕೆಯಾಯಿತು. ದಾದರ್ ಬರುವಷ್ಟರಲ್ಲಿ ನಾಚಿಕೆ ಹಿಂದೆ ಸರಿದು ಖುಷಿ ಮೇಲೆ ಬಂದಿತ್ತು. ಆ ಹೆಂಗಸರು ದಡ್ಡರಲ್ಲ. ಹತ್ತೊಂಬತ್ತು ಜನರಿಗೂ ಬರೆಯಲು ಬರುತ್ತಿತ್ತು!

ಮರುದಿನ ಖೋಲಿಯಲ್ಲಿ ಐದೇ ಜನ. ಶೀಲಾವತಿ ಮೊದಲು, "ಮೊನ್ನೆ ನಾನು ಬೈದದ್ದು ತಪ್ಪು. ಮನಸ್ಸಿಗೆ ಹಚ್ಚಿಕೊಳ್ಳಬೇಡಿ," ಎಂದಳು. ಟ್ರೈನಿಂಗಿನಲ್ಲಿ ಈ ಮಾತನ್ನು ಯಾರೂ ಕಲಿಸಿರಲಿಲ್ಲ. ಆಮೇಲೆ ಕರಿಹಲಗೆ ಒರೆಸಿ, ನಳದ ನೀರಿನ ಒಡಪನ್ನು ಎರಡು ಸಾಲಿನಲ್ಲಿ ಬರೆದು ಬೆತ್ತವನ್ನು ಮೂಲೆಗಿಟ್ಟು ಕೆಳಗೆ ಕುಳಿತಳು. ಬೆರಳು ಮಾಡಲಿಲ್ಲ, ಓದಿ ಎನ್ನಲೂ ಇಲ್ಲ. ಇದ್ದಕ್ಕಿದ್ದಂತೆ ರುದ್ರವ್ವ, "ಏ, ಇದು ನಮ್ಮ ರಾಚವ್ವನದ ಐತಿ!" ಎಂದು ಚೀರಿದಳು. ಐವರೂ ಎದ್ದು ಹಲಗೆಯ ಬಳಿ ಬಂದು ಅಕ್ಷರಕ್ಕೆ ಬೆರಳಿಟ್ಟು ಓದಿದರು. ಹೆಸರಿನ ಹತ್ತಿರ ಬಂದಾಗ ಒಬ್ಬಳೂ ತಡವರಿಸಲಿಲ್ಲ.

ಆ ವಾರ ಮುಗಿಯುವುದರೊಳಗೆ ಇಪ್ಪತ್ತನಾಲ್ಕು ಜನ ಸೇರಿದರು. ಯಾರ ಒಡಪು ಹಲಗೆಯ ಮೇಲೇರುತ್ತದೆ ಎಂದು ನೋಡಲು ಪಕ್ಕದ ಚಾಳಿನವರೂ ಬರತೊಡಗಿದರು. ಪಠ್ಯಪುಸ್ತಕವನ್ನೂ ಶೀಲಾವತಿ ಕೈಬಿಡಲಿಲ್ಲ. ಅದಕ್ಕೆ ಒಂದು ಗಂಟೆ, ಒಡಪಿಗೆ ಒಂದು ಗಂಟೆ. ಹಳೆಯ ಒಡಪುಗಳು ಮುಗಿದ ಮೇಲೆ ಹೊಸದನ್ನು ಕಟ್ಟಿ ಬರೆದು ತರಬೇಕು ಎಂದಳು. ನಳದ ಸಾಲಿನಲ್ಲಿ ನಿಂತವರು ಪ್ರಾಸ ಹುಡುಕತೊಡಗಿದರು. ರುದ್ರವ್ವ ಗಂಡನ ಜೊತೆ ಜಗಳವಾಡಿದ ದಿನ ಎಂಟು ಸಾಲು ಬರೆದುಕೊಂಡು ಬಂದಳು. ಅದನ್ನು ಹಲಗೆಯ ಮೇಲೆ ಹಾಕುವಂತಿರಲಿಲ್ಲ.

"ನಿಮ್ಮ ಒಡಪ ಯಾವಾಗ ಕೇಳೂದ್ರಿ ಅಕ್ಕೋರ?" ಎಂದು ಹೆಂಗಸರು ಕೆಣಕಿದರೆ, "ಹೆಸರು ಸಿಗಲಿ, ಪ್ರಾಸ ಆಮೇಲೆ ನೋಡುವ," ಎನ್ನುತ್ತಿದ್ದಳು.

ನಾಲ್ಕು ತಿಂಗಳಾಯಿತು. ಕಾಂತಪ್ಪನವರು ಕೊಡೆಯೊಂದಿಗೆ ಬಂದು ಕುರ್ಚಿ ಎಳೆದುಕೊಂಡು ಕುಳಿತರು. ಹಿಂದಿನ ದಿನವೇ ಹೆಂಗಸರೆಲ್ಲ ಸೇರಿ ಒಂದು ನಿರ್ಧಾರ ಮಾಡಿಕೊಂಡಿದ್ದರು. ಶೀಲಾವತಿ ಆಗಲಿ ಎಂದಿದ್ದಳು. ಹಾಗೆಂದ ಮೇಲೆ ಮನೆಗೆ ಹೋಗಿ ಅನ್ನ ಮುಟ್ಟಿರಲಿಲ್ಲ. ಸೂಪರ್‌ವೈಸರರು ಒಪ್ಪದಿದ್ದರೆ ವರ್ಗಕ್ಕೆ ಇದೇ ಕಡೆಯ ದಿನ.

ಹೆಂಗಸರು ಬರೆದು ಮುಗಿಸಿದ ಮೇಲೆ ಕಾಂತಪ್ಪನವರು ಮೊದಲ ಕಾಗದ ಎತ್ತಿಕೊಂಡರು. ಪೂರ್ತಿ ಹೆಸರಿನ ಜಾಗದಲ್ಲಿ ಮಲ್ಲವ್ವ ಎಂದಿತ್ತು. ಕೆಳಗೆ ಕಾರಖಾನೆಯ ಭೋಂಗಾ, ಬುತ್ತಿ, ಪರಪ್ಪನವರು, ಭಾಂಡುಪು. ಎರಡನೆಯದರಲ್ಲಿ ಬದನೆಕಾಯಿ.

"ಇದೆಂತ ಟೀಚರೇ? ಹೆಸರು ಕೇಳಿದರೆ ಪದ್ಯ ಬರೆದಿದ್ದಾರಲ್ಲ!"

"ಹೆಸರು ಅದರಲ್ಲೇ ಉಂಟು ಸರ್. ಇವರು ಗಂಡನ ಹೆಸರು ಹೇಳುವುದು ಹೀಗೆಯೇ. ಹೋದ ಸಲ ಇವರಿಗೆ ಬರುವುದಿಲ್ಲ ಅಂತಲ್ಲ. ನಮಗೆ ಕೇಳಲಿಕ್ಕೆ ಬರಲಿಲ್ಲ," ಎಂದಳು ಶೀಲಾವತಿ.

ಕಾಂತಪ್ಪನವರು ಕನ್ನಡಕ ಸರಿಮಾಡಿಕೊಂಡರು. ನಿಯಮದ ಮನುಷ್ಯರಾದರೂ ಅವರೂ ಒಂದು ಕಾಲದಲ್ಲಿ ಮಾಸ್ತರಿಕೆ ಮಾಡಿದವರೇ. ಅವರ ಅನುಮಾನ ಬೇರೆಯಾಗಿತ್ತು. "ಇದನ್ನು ಬಾಯಿಪಾಠ ಮಾಡಿಸಿ ಬರೆಸಿದ್ದಲ್ಲ ಅಂತ ನಾನು ಹೇಗೆ ನಂಬುವುದು? ಎಲ್ಲರೂ ಕಾಗದ ತಿರುಗಿಸಿ. ಹೊಸತೊಂದು ಬರೆಯಿರಿ. ನಾನು ಹೇಳಿದ ವಿಷಯದ ಮೇಲೆ. ಲೋಕಲ್ ಗಾಡಿ. ಹತ್ತು ನಿಮಿಷ."

ಇಪ್ಪತ್ತನಾಲ್ಕು ತಲೆಗಳು ಬಗ್ಗಿದವು. ಬಳೆಗಳ ಸದ್ದು ಬಿಟ್ಟರೆ ಏನೂ ಇಲ್ಲ. ಅಷ್ಟರಲ್ಲಿ ಹೊರಗೆ ನಳ ಬಂತು. ನೀರು ತಗಡಿನ ಡಬ್ಬಕ್ಕೆ ಧೋ ಎಂದು ಬೀಳುವುದು ಕೇಳಿಸಿತು. ಶೀಲಾವತಿ ಹೆಂಗಸರ ಕಡೆ ನೋಡಿದಳು. ಈಗ ಎಲ್ಲರೂ ಏಳುತ್ತಾರೆ. ಅರ್ಧ ತಾಸು ಕಳೆದರೆ ಮರುದಿನದವರೆಗೆ ನೀರಿಲ್ಲ. ರುದ್ರವ್ವ ಒಮ್ಮೆ ಬಾಗಿಲ ಕಡೆ ನೋಡಿ, ಪೆನ್ಸಿಲಿನ ತುದಿ ನಾಲಿಗೆಗೆ ಹಚ್ಚಿಕೊಂಡು ಮತ್ತೆ ಬಗ್ಗಿದಳು. ಒಬ್ಬಳೂ ಏಳಲಿಲ್ಲ. ಆ ಗಳಿಗೆಯಲ್ಲಿ ಶೀಲಾವತಿಗೆ ಕಣ್ಣು ತುಂಬಿಬಂತು.

ಮಲ್ಲವ್ವ ತನ್ನ ಕಾಗದವನ್ನು ತಾನೇ ತಂದು, ಕಾಂತಪ್ಪನವರೆದುರು ನಿಂತು ಗಟ್ಟಿಯಾಗಿ ಓದಿದಳು:

"ಲೋಕಲ್ ಗಾಡಿ ಕೂಗಿಕೋತ ಬಂತು ಭಾಂಡುಪಿಗೆ,
ಪರಪ್ಪನವರ ಹೆಸರ ಬರದೀನಿ ಸಾಹೇಬ್ರ ಮರ್ಜಿಗೆ!"

ಕಾಂತಪ್ಪನವರ ಮೀಸೆ ಅಲುಗಿತು. ಒಂದೊಂದೇ ಕಾಗದ ತೆಗೆದು ಓದುತ್ತ ಹೋದರು. ನಾಲ್ಕನೆಯದಕ್ಕೆ ನಗು ತಡೆಯಲಾಗಲಿಲ್ಲ. ಒಂಬತ್ತನೆಯದನ್ನು ಎರಡು ಸಲ ಓದಿದರು. ಕೊನೆಗೆ ಪೆನ್ನು ತೆಗೆದು, ಒಡಪಿನಿಂದ ಹೆಸರನ್ನು ಹೆಕ್ಕಿ ಖಾಲಿ ಜಾಗದಲ್ಲಿ ತಾವೇ ಬರೆಯತೊಡಗಿದರು. "ಖಾನೆ ತುಂಬಲಿಕ್ಕೆ ನನಗೂ ಕೈಯುಂಟು," ಎಂದು ತಮ್ಮಷ್ಟಕ್ಕೇ ಗೊಣಗಿದರು. ಇಪ್ಪತ್ತನಾಲ್ಕರಲ್ಲಿ ಇಪ್ಪತ್ತೆರಡು ಪಾಸು. ವರ್ಗ ಉಳಿಯಿತು. ಖೋಲಿಯಲ್ಲಿ ಎದ್ದ ಗದ್ದಲಕ್ಕೆ ನಳದ ಸಾಲಿನವರು ಕೊಡ ಬಿಟ್ಟು ಓಡಿಬಂದರು.

ಕಾಂತಪ್ಪನವರು ಕೊಡೆ ಎತ್ತಿಕೊಂಡು ಬಾಗಿಲಿಗೆ ಬಂದರೆ, ಹೊಸ್ತಿಲಿನಲ್ಲಿ ಮಲ್ಲವ್ವ ಎರಡೂ ಕಡೆ ಕೈಯಿಟ್ಟು ನಿಂತಿದ್ದಳು.

"ನಿಮ್ಮ ಮನಿಯವ್ರ ಹೆಸರ ಹೇಳಿ ಹೋಗ್ರಿ ಸಾಹೇಬ್ರ."

ಕಾಂತಪ್ಪನವರ ಕಿವಿ ಕೆಂಪಾಯಿತು. ಶೀಲಾವತಿಯ ಕಡೆ ನೋಡಿದರು. ಅವಳು ಚಾವಣಿ ನೋಡುತ್ತಿದ್ದಳು. "ಇಡ್ಲಿ ಒಂದು ಪ್ಲೇಟು, ವಡೆ ಒಂದು ಪ್ಲೇಟು..." ಎಂದು ಶುರುಮಾಡಿ, ಮುಂದೆ ದಾರಿ ಕಾಣದೆ, "ವಿನೋದಿನಿ ನನ್ನ ಹೆಂಡತಿ," ಎಂದುಬಿಟ್ಟರು.

"ಪ್ರಾಸ ಇಲ್ರಿ! ಸಾಹೇಬ್ರು ನಾಪಾಸ!" ಎಂದಳು ರುದ್ರವ್ವ. ಎಲ್ಲರಿಗಿಂತ ಜೋರಾಗಿ ನಕ್ಕವರು ಕಾಂತಪ್ಪನವರೇ.

ಮುಂದಿನ ವರ್ಷ ಭಾಂಡುಪಿನಲ್ಲಿ ಅಂಥ ಮೂರು ವರ್ಗಗಳಾದವು. ಹೊಸ ಟೀಚರುಗಳಿಗೆ ಪಾಠ ತೋರಿಸಲು ಸಮಿತಿಯವರು ಶೀಲಾವತಿಯನ್ನು ಕರೆಯುತ್ತಿದ್ದರು. ಅವಳು ಅವರಿಗೆ ಮಿಂಚುಪಟ್ಟಿಯನ್ನೂ ತೋರಿಸುತ್ತಿದ್ದಳು, ಅಪ್ಪನ ತಟ್ಟೆಯ ಮಾತನ್ನೂ ಹೇಳುತ್ತಿದ್ದಳು. ಮನೆಯಲ್ಲಿ ಒಂದು ದಿನ ಕುರ್ಚಿ ಹಾಕಿಕೊಂಡು ಸರ್ಟಿಫಿಕೇಟನ್ನು ದೇವರ ಪಕ್ಕದಿಂದ ತೆಗೆದು ಕಪಾಟಿನ ಬದಿಗೆ ಹಾಕಿದಳು. ಅಮ್ಮ ಯಾಕೆಂದು ಕೇಳಿದ್ದಕ್ಕೆ, ಅಲ್ಲಿ ಹೊಗೆ ತಾಗುತ್ತದೆ ಎಂದಳು.

ಇದಕ್ಕೆಲ್ಲ ಮೊದಲು, ಫಲಿತಾಂಶದ ತಿಂಗಳಿನಲ್ಲೇ ಒಂದು ಮಧ್ಯಾಹ್ನ ಮಲ್ಲವ್ವನಿಗೆ ಮಗಳ ಕಾರ್ಡು ಬಂತು. ಅಂಗಡಿಯವನು ಕೈಚಾಚಿದರೂ ಅವಳು ಕೊಡಲಿಲ್ಲ. ಖೋಲಿಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕುಳಿತು, ತುಟಿ ಅಲುಗಿಸುತ್ತ, ಬೆರಳು ಸರಿಸುತ್ತ ಓದಿದಳು. ಅರ್ಧ ಗಂಟೆ ಹಿಡಿಯಿತು. ಆಮೇಲೆ ಕಣ್ಣೊರೆಸಿಕೊಂಡು ಕಾರ್ಡನ್ನು ಕುಪ್ಪಸದೊಳಗೆ ಇಟ್ಟುಕೊಂಡಳು.

"ಎಂತ ಬರೆದಿದ್ದಾಳೆ ಮಲ್ಲವ್ವ?" ಎಂದು ಶೀಲಾವತಿ ಕೇಳಿದಳು.

"ನಿಮಗೂ ಹೇಳೂದಿಲ್ರಿ ಅಕ್ಕೋರ," ಎಂದಳು ಮಲ್ಲವ್ವ.

ಶೀಲಾವತಿಗೆ ಹೊಟ್ಟೆಯಲ್ಲಿ ಹಾಲು ಹೊಯ್ದಷ್ಟು ತಂಪಾಯಿತು. ಎರಡು ದಿನ ಬಿಟ್ಟು ಮಲ್ಲವ್ವ ತಾನೇ ಬರೆದ ಉತ್ತರವನ್ನು ತಂದು ಅವಳ ಕೈಗಿಟ್ಟಳು. ಪೆನ್ಸಿಲಿನಲ್ಲಿ ಒತ್ತಿ ಒತ್ತಿ ಬರೆದದ್ದು, ಕಾರ್ಡಿನ ತುಂಬ ಒಂದು ಬೆರಳಿನಷ್ಟೂ ಜಾಗ ಬಿಡದೆ. "ನಿಮ್ಮ ದಾದರಿನ ಡಬ್ಬಿಗೆ ಹಾಕ್ರಿ, ಲಗೂ ಮುಟ್ಟತೈತಿ," ಎಂದಳು.

ದಾದರಿನ ಸೇತುವೆ ಇಳಿದು ಶೀಲಾವತಿ ಅಂಚೆಡಬ್ಬಿಯ ಮುಂದೆ ನಿಂತಳು. ವಿಳಾಸದ ಬದಿಯನ್ನು ಮಾತ್ರ ತನ್ನ ಕಡೆ ಹಿಡಿದು ಓದಿದಳು. ಊರು, ತಾಲೂಕು, ಜಿಲ್ಲೆ ಎಲ್ಲ ಸರಿಯಾಗಿತ್ತು. ಇನ್ನೊಂದು ಬದಿಯನ್ನು ತಿರುಗಿಸಿ ನೋಡದೆ ಕಾರ್ಡನ್ನು ಡಬ್ಬಿಗೆ ಹಾಕಿ, ಸಾಂತಾಕ್ರೂಜಿನ ಗಾಡಿ ಹಿಡಿಯಲು ಓಡಿದಳು.